ಗೋಡೆಯ ಮೇಲಿನ ಮದುಮಗಳು

ಇಷ್ಟಕ್ಕೂ ಕಾರಣ ಒಂದು ಮಚ್ಚೆ. ಮೆಣಸಿನ ಕಾಳಿನಷ್ಟು ದಪ್ಪ, ಎಡಗೆನ್ನೆಯ ಮೇಲೆ, ಮೂಗಿಗೆ ಒಂದು ಬೆರಳು ದೂರ. ಅದು ಇದ್ದಲ್ಲೇ ಇದ್ದಿದ್ದರೆ ಟಚಿಂಗಪ್ಪ ಆ ದಿನ ಮಧ್ಯಾಹ್ನ ಹೊಸ ಮನೆಯಲ್ಲಿ ಹೊಸ ಹೆಂಡತಿಯ ಎದುರು ಕೂತು ಊಟ ಮಾಡಿ, ಕಾಲು ಚಾಚಿ ಒಂದು ಗಳಿಗೆ ಮಲಗಿರುತ್ತಿದ್ದ.

ಟಚಿಂಗಪ್ಪ ಎಂದು ಅವನಿಗೆ ಹೆತ್ತವರು ಹೆಸರಿಟ್ಟಿರಲಿಲ್ಲ. ಫೋಟೋ ಸ್ಟುಡಿಯೋದಲ್ಲಿ ಟಚಿಂಗ್ ಮಾಡುತ್ತಿದ್ದುದರಿಂದ ಬೀದಿಯವರು ಕೊಟ್ಟ ಹೆಸರು ಅದು. ಆಗಿನ್ನೂ ಸಿನಿಮಾಕ್ಕೆ ಮಾತು ಬಂದಿರಲಿಲ್ಲ, ಫೋಟೋ ಮೂಡುತ್ತಿದ್ದುದು ಗಾಜಿನ ಹಲಗೆಯ ಮೇಲೆ. ಆ ಗಾಜಿನಲ್ಲಿ ಎಲ್ಲವೂ ತಿರುವುಮುರುವು. ಕಪ್ಪು ಕೂದಲು ಬೆಳ್ಳಗೆ, ಬಿಳಿ ಹಲ್ಲು ಕಪ್ಪಗೆ. ಮುಖದ ಮೇಲಿನ ಸುಕ್ಕು, ಕಲೆ, ಮಚ್ಚೆಗಳೆಲ್ಲ ಬೆಳಕು ತೂರಿಬರುವ ಪುಟ್ಟ ತೂತುಗಳ ಹಾಗೆ ಕಾಣುತ್ತವೆ. ಸೂಜಿಯಂತೆ ಮೊನೆ ಮಾಡಿದ ಪೆನ್ಸಿಲಿನಿಂದ ಆ ತೂತುಗಳನ್ನು ಮುಚ್ಚುತ್ತ ಹೋಗುವುದು ಅವನ ಕೆಲಸ. ಹನ್ನೆರಡು ವರ್ಷಗಳಲ್ಲಿ ಅವನು ಅಳಿಸಿದ ಸುಕ್ಕುಗಳನ್ನು ಒಂದಕ್ಕೊಂದು ಜೋಡಿಸಿದ್ದರೆ ಊರಾಚೆಯ ಕೆರೆಯವರೆಗೆ ದಾರಿಯಾಗುತ್ತಿತ್ತು.

ಆದರೆ ಇದು ಗುಟ್ಟಿನ ಕೆಲಸ. ಸ್ಟುಡಿಯೋದ ಬಾಗಿಲ ಮೇಲೆ ಯಜಮಾನರು ದೊಡ್ಡ ಅಕ್ಷರದಲ್ಲಿ ‘ಇದ್ದದ್ದು ಇದ್ದ ಹಾಗೆ’ ಎಂದು ಬರೆಸಿದ್ದರು. ಒಳಗೆ ಪರದೆಯ ಹಿಂದೆ ಒಬ್ಬ ಕೂತು ಇದ್ದದ್ದನ್ನು ಇಲ್ಲದ ಹಾಗೆ ಮಾಡುತ್ತಾನೆಂದು ಗಿರಾಕಿಗಳಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕೆಂದು ಅವರಿಗೂ ಆಸೆ ಇರಲಿಲ್ಲ ಅನ್ನಿ.

ಒಂಬತ್ತು ದಿನದ ಹಿಂದೆ ಟಚಿಂಗಪ್ಪನ ಮದುವೆಯಾಯಿತು. ಮಾರನೇ ದಿನ ಯಜಮಾನರು ಉಡುಗೊರೆಯೆಂದು ಗಂಡಹೆಂಡಿರ ಫೋಟೋ ತೆಗೆದರು. ಸಂಜೆಗೆ ಹೆಂಡತಿ ಸಾಮಾನು ಕಟ್ಟಿಕೊಂಡು ಬರಲು ತಾಯಿಯ ಜೊತೆ ತವರಿಗೆ ಹೋದಳು. ಮಿಕ್ಕ ಹಲಗೆಗಳ ಜೊತೆ ಇದೂ ಅವನ ಮೇಜಿಗೆ ಬಂತು. ಕಾಳು ಕಂಡ ಕೋಳಿಯ ಕೊಕ್ಕಿನಂತೆ ಅವನ ಪೆನ್ಸಿಲು ತೂತು ಕಂಡಲ್ಲೆಲ್ಲ ಓಡಿತು. ಅದು ಯಾರ ಕೆನ್ನೆ ಎಂದು ಕೈ ಕೇಳಲಿಲ್ಲ. ಮಚ್ಚೆ ಹೋಯಿತು, ಕೂಡಿದ್ದ ಹುಬ್ಬುಗಳು ಬೇರೆಯಾದವು, ಹಣೆಯ ಹಳೇ ಗಾಯದ ಗೆರೆ ಮಾಯವಾಯಿತು, ಗಲ್ಲದ ಗುಳಿ ತುಂಬಿಕೊಂಡಿತು. ಕಾಗದದ ಮೇಲೆ ಪ್ರಿಂಟು ಮೂಡಿದಾಗಲೇ ಅವನಿಗೆ ಎದೆ ಧಸಕ್ಕೆಂದದ್ದು. ಇವಳು ಚೆಲುವೆಯೇನೋ ಹೌದು, ಅವನ ಹೆಂಡತಿ ಮಾತ್ರ ಅಲ್ಲ. ಅಷ್ಟರಲ್ಲಿ ಯಜಮಾನರು ಅದಕ್ಕೆ ಕಟ್ಟು ಹಾಕಿಸಿ ನರ್ಸಮ್ಮನ ಮನೆಗೆ ಕಳಿಸಿಯಾಗಿತ್ತು.

ನರ್ಸಮ್ಮನ ವಿಷಯ ಹೇಳಲೇಬೇಕು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು, ಅರ್ಧ ಊರನ್ನು ತನ್ನ ಕೈಯಿಂದಲೇ ಭೂಮಿಗೆ ಇಳಿಸಿಕೊಂಡ ಹೆಂಗಸು. ಈಗ ಮೂರಂತಸ್ತಿನ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಳು. ಹಿಂದೊಬ್ಬ ಬಾಡಿಗೆಯವನು ಮೂರು ತಿಂಗಳಿಗೆ ಮೂವರು ತಂಗಿಯರನ್ನು ಕರೆತಂದನಂತೆ, ಮೂವರಲ್ಲಿ ಯಾರೂ ಅವನನ್ನು ಅಣ್ಣಾ ಅಂದದ್ದು ಯಾರ ಕಿವಿಗೂ ಬೀಳಲಿಲ್ಲವಂತೆ. ಅಂದಿನಿಂದ ಒಂದು ಕಾನೂನು. ಮದುವೆಯಾದವರಿಗೆ ಮಾತ್ರ ಮನೆ. ಗಂಡಹೆಂಡಿರ ಫೋಟೋ ಮುಂಚಿತವಾಗಿ ಬಂದು ಮೆಟ್ಟಿಲ ಗೋಡೆಯಲ್ಲಿ ತೂಗಬೇಕು. ಗೋಡೆಯ ಮೇಲೆ ಇಲ್ಲದವರು ಮೆಟ್ಟಿಲು ಹತ್ತುವ ಹಾಗಿಲ್ಲ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಟಚಿಂಗಪ್ಪ ಬಸ್ಸಿನಿಂದ ಇಳಿದ ಹೆಂಡತಿಯನ್ನು ಕರೆದುಕೊಂಡು, ತಲೆಯ ಮೇಲೆ ಅವಳ ಟ್ರಂಕು ಹೊತ್ತು ಅಲ್ಲಿಗೆ ಬಂದ. ದಾರಿಯುದ್ದಕ್ಕೂ ಅವಳು ಹಾಸಿಗೆ ಎಲ್ಲಿ ಹಾಕುವುದು, ಕಿಟಕಿ ಯಾವ ಕಡೆಗಿದೆ ಎಂದು ಕೇಳುತ್ತಲೇ ಬಂದಿದ್ದಳು. ಅವನಿಗೆ ಟ್ರಂಕಿನ ಭಾರವೇ ಗೊತ್ತಾಗಲಿಲ್ಲ.

ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ ನರ್ಸಮ್ಮ ಕನ್ನಡಕ ಏರಿಸಿಕೊಂಡು ಹುಡುಗಿಯ ಮುಖ ನೋಡಿದಳು. ಎದ್ದು ಹೋಗಿ ಗೋಡೆಯ ಫೋಟೋ ನೋಡಿದಳು. ತಿರುಗಿ ಬಂದು ಮತ್ತೆ ಹುಡುಗಿಯನ್ನು ನೋಡಿದಳು.

"ಇವಳು ಯಾರಪ್ಪ?"

"ನನ್ನ ಹೆಂಡತಿ, ಅಮ್ಮಾ."

"ಮತ್ತೆ ಗೋಡೆ ಮೇಲಿರೋಳು?"

"ಅವಳೂ ನನ್ನ ಹೆಂಡತೀನೇ."

"ಅಂದ್ರೆ ಇಬ್ಬರು," ಎಂದಳು ನರ್ಸಮ್ಮ, ನಾಡಿ ಹಿಡಿದು ಜ್ವರ ಎಷ್ಟೆಂದು ಹೇಳುವ ದನಿಯಲ್ಲಿ.

ಟಚಿಂಗಪ್ಪ ಟ್ರಂಕು ಇಳಿಸುವುದನ್ನೂ ಮರೆತ. ಹೆಂಡತಿ ಮೆಲ್ಲಗೆ ಗೋಡೆಯ ಬಳಿ ಹೋದಳು. ಆ ಫೋಟೋ ಅವಳು ಕಂಡದ್ದು ಅದೇ ಮೊದಲು. ಬಹಳ ಹೊತ್ತು ನೋಡಿದಳು. ಕೈ ತಾನಾಗಿ ಎಡಗೆನ್ನೆಗೆ ಹೋಯಿತು. "ಇವರು ಯಾರ್ರೀ?" ಎಂದು ಕೇಳಿದಳು. ನರ್ಸಮ್ಮನ ಪ್ರಶ್ನೆಗಿಂತ ಆ ಪ್ರಶ್ನೆ ಅವನಿಗೆ ಹೆಚ್ಚು ಚುಚ್ಚಿತು.

ಮೇಲಿನ ಅಂತಸ್ತುಗಳ ಬಾಗಿಲು ತೆರೆಯಲು ಇಷ್ಟು ಸಾಕಾಯಿತು. ಮೊದಲು ಇಳಿದು ಬಂದವಳು ಒಂದನೇ ಅಂತಸ್ತಿನ ಗುಮಾಸ್ತನ ಹೆಂಡತಿ. ಒಂದು ವಾರದಿಂದ ದಿನಕ್ಕೆ ನಾಲ್ಕು ಸಲ ಆ ಫೋಟೋದ ಮುಂದೆ ಹಾದು, ಅದರಲ್ಲಿದ್ದ ಮದುಮಗಳೊಂದಿಗೆ ಅವಳಿಗೆ ಗೆಳೆತನವೇ ಆಗಿಹೋಗಿತ್ತು. ಅಷ್ಟು ನಾಜೂಕಿನ ಮುಖದವಳಿಗೆ ಕಸೂತಿ ಬಂದೇ ಬರುತ್ತದೆ, ಬಂದ ಮೇಲೆ ಕಲಿಯಬೇಕು ಎಂದು ದಾರವನ್ನೂ ಕೊಂಡಿಟ್ಟಿದ್ದಳು. ಈಗ ಅವಳ ಬದಲು ಇನ್ನಾರೋ ಬಂದು ನಿಂತರೆ ಹೊಟ್ಟೆ ಉರಿಯದೆ ಇರುತ್ತದೆಯೇ. ಆ ಪಾಪದ ಹುಡುಗಿ ಎಲ್ಲಿ ಕೂತು ಅಳ್ತಿದ್ದಾಳೋ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಹಿಂದೆ ಗುಮಾಸ್ತ, ಅವನ ಹಿಂದೆ ಎರಡನೇ ಅಂತಸ್ತಿನ ಪಿಟೀಲು ಮೇಷ್ಟ್ರು, ಅವರ ಹಿಂದೆ ಮೇಷ್ಟ್ರ ಹೆಂಡತಿ. ಮೆಟ್ಟಿಲಿಗೊಬ್ಬರಂತೆ ನಿಂತು ಎಲ್ಲರೂ ಒಟ್ಟಿಗೆ ಮಾತಾಡಿದರು. ಟಚಿಂಗಪ್ಪ ನಡುವೆ ನಿಂತು ಮಾತು ಬಾರದ ಸಿನಿಮಾದ ನಾಯಕನಂತೆ ಬರೀ ಕೈ ಆಡಿಸಿದ.

ಕೊನೆಗೆ ನರ್ಸಮ್ಮ ತೀರ್ಪು ಕೊಟ್ಟಳು. ಇವಳೇ ಅವಳೆಂದು ತೋರಿಸಿದರೆ ಬೀಗದ ಕೈ ಕೊಡುತ್ತಾಳೆ. ಇಲ್ಲದಿದ್ದರೆ ಹುಡುಗಿಯನ್ನು ತಾನೇ ಐದು ಗಂಟೆಯ ಬಸ್ಸು ಹತ್ತಿಸಿ ತಾಯಿಯ ಮನೆಗೆ ಕಳಿಸುತ್ತಾಳೆ. ಮನೆ ಕೇಳುವವರು ಇನ್ನೂ ಇಬ್ಬರಿದ್ದರು. ಟಚಿಂಗಪ್ಪ ಮದುವೆಗೆ ಮುಂಚೆ ಮಲಗುತ್ತಿದ್ದುದು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಅಲ್ಲಿ ಅವನು ಕಾಲು ಮಡಿಸಿದರೆ ಮಾತ್ರ ಬಾಗಿಲು ಮುಚ್ಚುತ್ತಿತ್ತು. ಈ ಮನೆ ಕೈತಪ್ಪಿದರೆ ಹೆಂಡತಿ ತವರಿನಲ್ಲಿ, ತಾನು ಆ ಗೂಡಿನಲ್ಲಿ, ಇನ್ನೆಷ್ಟು ತಿಂಗಳೋ. ಅವಳನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಿಸಿ ಯಜಮಾನರನ್ನು ಕರೆತರಲು ಓಡಿದ.

ಯಜಮಾನರು ಬಂದರು. ಫೋಟೋ ತೆಗೆದವರೇ ಸಾಕ್ಷಿಗೆ ನಿಂತರೆ ಮುಗಿಯಿತಲ್ಲ ಎಂದು ಟಚಿಂಗಪ್ಪ ನೆಮ್ಮದಿಯ ಉಸಿರು ಬಿಟ್ಟ. ಆದರೆ ಯಜಮಾನರಿಗೆ ಒಂದು ಅಭ್ಯಾಸವಿತ್ತು. ಗಿರಾಕಿಯ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಕ್ಯಾಮರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸುವರು, ಗಿರಾಕಿ ಹೋದ ಮೇಲೆಯೇ ಹೊರಗೆ ತೆಗೆಯುವರು. ಆ ಕ್ಯಾಮರಾದ ಗಾಜಿನಲ್ಲಿ ಮನುಷ್ಯರು ಕಾಣುವುದು ತಲೆಕೆಳಗಾಗಿ. ನಲವತ್ತು ವರ್ಷದಲ್ಲಿ ಊರಿನ ಒಂದು ಮುಖವನ್ನೂ ಅವರು ನೆಟ್ಟಗೆ ನೋಡಿದವರಲ್ಲ.

ಹುಡುಗಿಯನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು. ಗುರುತು ಹತ್ತಲಿಲ್ಲ. ಒಂದು ನಿಮಿಷ ಯೋಚಿಸಿ ಅವಳಿಗೆ ಬೆನ್ನು ಮಾಡಿ ನಿಂತು, ಬಗ್ಗಿ, ಎರಡು ಕಾಲಿನ ನಡುವಿನಿಂದ ನೋಡಿದರು. ಮೆಟ್ಟಿಲ ಮೇಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಹುಡುಗಿ ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದಳು.

"ನಿಲುವು ಸರಿಯಾಗಿದೆ," ಎಂದರು ಯಜಮಾನರು ಬಗ್ಗಿದಲ್ಲಿಂದಲೇ. "ಆದ್ರೆ ಈ ಮಚ್ಚೆ?"

"ಅದು ಮೊದಲಿಂದಾನೂ ಇದೆ ಸಾರ್," ಎಂದ ಟಚಿಂಗಪ್ಪ.

ಯಜಮಾನರು ಮುಖ ಕೆಂಪಗೆ ಮಾಡಿಕೊಂಡು ಎದ್ದು ನಿಂತರು. ಆಗ ಅವರಿಗೆ ಎಲ್ಲ ಅರ್ಥವಾಗಿತ್ತು. ಸುತ್ತ ಐದು ಮಂದಿ ಗಿರಾಕಿಗಳು ನಿಂತಿರುವುದೂ ಅರ್ಥವಾಗಿತ್ತು. ಅವರು ಟಚಿಂಗಪ್ಪನ ಕಡೆ ನೋಡದೆ ನರ್ಸಮ್ಮನಿಗೆ ಹೇಳಿದರು: "ನೋಡೀಮ್ಮ, ನನ್ನ ಫೋಟೋ ಸುಳ್ಳು ಹೇಳಲ್ಲ. ಮುಖ ತಾಳೆ ಆಗ್ಲಿಲ್ಲ ಅಂದ್ರೆ ಮುಖಾನೇ ವಿಚಾರಿಸ್ಬೇಕು." ಅಷ್ಟು ಹೇಳಿ, ಗಿರಾಕಿ ಕಾಯುತ್ತಿದ್ದಾನೆಂದು ಹೊರಟೇಹೋದರು. ನಂಬಿದ ಮರವೇ ಮೈಮೇಲೆ ಬಿದ್ದ ಹಾಗಾಯಿತು.

ಟಚಿಂಗಪ್ಪನಿಗೆ ಬಿಸಿತುಪ್ಪ ಬಾಯಲ್ಲಿ ತುಂಬಿಕೊಂಡಂತಾಗಿತ್ತು. ನುಂಗೋಣವೆಂದರೆ ಹೆಂಡತಿ ಬಸ್ಸು ಹತ್ತುತ್ತಾಳೆ, ಉಗುಳೋಣವೆಂದರೆ ಯಜಮಾನರ ಮರ್ಯಾದೆ ಹೋಗುತ್ತದೆ. ಗಂಟೆ ಒಂದಾಗಿತ್ತು. ಅವನು ಕಣ್ಣು ಮುಚ್ಚಿ ಉಗುಳಿಯೇಬಿಟ್ಟ. ಫೋಟೋದಲ್ಲಿ ಮಚ್ಚೆ ಅಳಿಸಿದ್ದು ತಾನೇ, ಹುಬ್ಬು ಬಿಡಿಸಿದ್ದು ತಾನೇ, ಎಲ್ಲರ ಫೋಟೋಗೂ ಹಾಗೆ ಒಂದಿಷ್ಟು ಕೈ ಆಡಿಸುವುದು ಸ್ಟುಡಿಯೋದ ಪದ್ಧತಿ ಎಂದು ಹೇಳಿದ.

‘ಎಲ್ಲರ’ ಎಂಬುದನ್ನು ಅವನು ಹೇಳಬಾರದಿತ್ತು. ಮೆಟ್ಟಿಲ ಮೇಲಿದ್ದ ಎಲ್ಲರ ತಲೆಯೂ ಒಟ್ಟಿಗೆ ಗೋಡೆಯ ಕಡೆ ತಿರುಗಿತು, ಅಲ್ಲಿ ಸಾಲಾಗಿ ಅವರವರ ಮದುವೆಯ ಫೋಟೋಗಳು ತೂಗುತ್ತಿದ್ದವು. ಎಲ್ಲ ಅದೇ ಸ್ಟುಡಿಯೋದವು.

ಗುಮಾಸ್ತ ತನ್ನ ಫೋಟೋದ ಹತ್ತಿರ ಮೂಗು ಒಯ್ದು ನೋಡಿದ. ಇದರಲ್ಲಿ ನಿನಗೆ ಒಂದೇ ಗದ್ದ ಇದೆಯಲ್ಲ, ಎಂಟು ವರ್ಷದಿಂದ ಎರಡನೆಯದು ಯಾವಾಗ ಬಂತೆಂದು ಯೋಚಿಸುತ್ತಿದ್ದೇನೆ ಎಂದು ಹೆಂಡತಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ. ಹೆಂಡತಿ ಅಳು ನಿಲ್ಲಿಸಿ ಅವನತ್ತ ತಿರುಗಿದಳು. ನಿಮ್ಮ ಕಣ್ಣಿನ ಕೆಳಗಿನ ಚೀಲಗಳೂ ಇಲ್ಲಿಲ್ಲ, ಅವನ್ನು ಮದುವೆಯಾದ ಮೇಲೆ ನಾನೇ ಕೊಟ್ಟೆನೇ ಎಂದು ಕೇಳಿದಳು. ಮೇಲಿನ ಮೆಟ್ಟಿಲಲ್ಲಿ ಮೇಷ್ಟ್ರ ಹೆಂಡತಿ ಗಂಡನ ಕಿವಿಗಳನ್ನೂ ಫೋಟೋದ ಕಿವಿಗಳನ್ನೂ ಒಂದೊಂದಾಗಿ ಹೋಲಿಸಿ ನೋಡುತ್ತಿದ್ದಳು. ಮೇಷ್ಟ್ರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಐದು ನಿಮಿಷದಲ್ಲಿ ಎರಡು ಸಂಸಾರಗಳು ಬೀದಿಗೆ ಬಂದವು. ತಾವು ಇನ್ನೊಬ್ಬರ ಸಂಸಾರ ಸರಿಮಾಡಲು ಇಳಿದು ಬಂದವರು ಎಂಬುದು ಯಾರಿಗೂ ನೆನಪಿರಲಿಲ್ಲ.

ಜಗಳ ಒಂದು ಹದಕ್ಕೆ ಬಂದಾಗ ನಾಲ್ವರಿಗೂ ಏಕಕಾಲಕ್ಕೆ ಒಂದು ವಿವೇಕ ಹೊಳೆಯಿತು. ಈ ಮನುಷ್ಯ ಹೇಳಿದ್ದು ಸುಳ್ಳಾಗಿದ್ದರೆ ಗೋಡೆಯ ಮೇಲೆ ಎಲ್ಲರೂ ಚೆನ್ನಾಗಿಯೇ ಉಳಿಯುತ್ತಾರೆ. ಆದ್ದರಿಂದ ಅವನು ಸುಳ್ಳುಗಾರ. ಗುಮಾಸ್ತ ಮೊದಲು ಅಂದ, ಮೇಷ್ಟ್ರು ಅನುಮೋದಿಸಿದರು, ಹೆಂಗಸರು ಒಪ್ಪಿದರು. ಟಚಿಂಗಪ್ಪನೂ ಒಪ್ಪಿದ. ಹೌದು, ಬಾಯಿ ತಪ್ಪಿ ಬಂತು, ತಮ್ಮ ಫೋಟೋಗಳಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಇಲ್ಲ ಎಂದು ಕೈಮುಗಿದ. ತನ್ನದು ಒಂದು ಮಾತ್ರ ಸರಿಯಾಗಿ ತೊಳೆದ ಪ್ರಿಂಟಲ್ಲ, ಅದರಲ್ಲಿ ಮಚ್ಚೆ ಇನ್ನೂ ಮೇಲಕ್ಕೆ ಬಂದಿರಲಿಲ್ಲ, ಬಂದ ಮೇಲೆ ಇನ್ನೊಂದು ತಂದು ತೋರಿಸುತ್ತೇನೆ ಎಂದ.

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಎಷ್ಟೋ ನಿಧಾನದ ಹೆರಿಗೆಗಳನ್ನು ಕಂಡಿದ್ದ ನರ್ಸಮ್ಮನಿಗೆ ಈ ಮಾತು ಒಪ್ಪಿಗೆಯಾಯಿತು. "ಐದರೊಳಗೆ ಬರಬೇಕು," ಎಂದಳು.

ಹೊರಡುವ ಮುಂಚೆ ಟಚಿಂಗಪ್ಪ ಬೆಂಚಿನ ಬಳಿ ಬಂದ. ಹೆಂಡತಿ ಯಾರೂ ಬಿಡಿಸಿಕೊಳ್ಳದ ಪಾರ್ಸಲಿನಂತೆ ಟ್ರಂಕಿನ ಪಕ್ಕದಲ್ಲಿ ಕೂತಿದ್ದಳು. ನಗು ಹೋಗಿತ್ತು.

"ನಾನು ಚೆನ್ನಾಗಿಲ್ಲ ಅಂತ ಮೊದಲೇ ಹೇಳಿದ್ರೆ ಬರ್ತಾನೇ ಇರಲಿಲ್ಲ," ಎಂದಳು.

ಹೆಣ್ಣು ನೋಡಲು ಹೋದ ದಿನ ಟಚಿಂಗಪ್ಪನ ಕಣ್ಣಿಗೆ ಮೊದಲು ಬಿದ್ದದ್ದೇ ಆ ಮಚ್ಚೆ. ನಯವಾದ ಮುಖಗಳನ್ನು ದಿನವಿಡೀ ತಯಾರು ಮಾಡಿ ಅವನಿಗೆ ಸಾಕಾಗಿತ್ತು, ಎಲ್ಲ ಒಂದೇ ಅಚ್ಚಿನ ಬಿಲ್ಲೆಗಳ ಹಾಗೆ. ಇವಳದು ಗುರುತಿರುವ ಮುಖ, ನೂರು ಜನರ ನಡುವೆ ಕಳೆದುಹೋಗದ ಮುಖ ಎಂದು ಅಂದೇ ಮನಸ್ಸು ಹೂಂಗುಟ್ಟಿತ್ತು. ಅದನ್ನೆಲ್ಲ ತಡವರಿಸುತ್ತ ಹೇಳಿದ. "ಕೈ ಮಾಡಿದ ತಪ್ಪು. ನಾನು ಮಾಡಿದ್ದಲ್ಲ," ಎಂದ.

"ಕೈ ಯಾರದು?" ಎಂದಳು ಅವಳು. ಆದರೆ ದನಿ ಸ್ವಲ್ಪ ಮೆತ್ತಗಾಗಿತ್ತು.

ಸ್ಟುಡಿಯೋದಲ್ಲಿ ಯಜಮಾನರು ಕಪ್ಪು ಬಟ್ಟೆಯೊಳಗಿದ್ದರು. ಟಚಿಂಗಪ್ಪ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಹೋಗಿ ತನ್ನ ಮದುವೆಯ ಹಲಗೆಯನ್ನು ಹುಡುಕಿ ತೆಗೆದ. ಟರ್ಪೆಂಟೈನಿನಲ್ಲಿ ಹತ್ತಿ ಅದ್ದಿ ಅವಳ ಮುಖದ ಮೇಲೆ ಮೆಲ್ಲಗೆ ಒರೆಸಿದ. ಪೆನ್ಸಿಲಿನ ಪುಡಿ ಕರಗಿ ಬಂತು. ಹಣೆಯ ಗೆರೆ ಬಂತು, ಹುಬ್ಬು ಕೂಡಿಕೊಂಡವು, ಗಲ್ಲದ ಗುಳಿ ಮರಳಿತು. ಎಲ್ಲಕ್ಕಿಂತ ಕೊನೆಗೆ ಎಡಗೆನ್ನೆಯ ಮೇಲೆ ಬೆಳಕಿನ ಒಂದು ತೂತು ಫಳಕ್ಕೆಂದಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಂದು ಮುಖವನ್ನು ಇದ್ದ ಹಾಗೆ ಮಾಡಿದ್ದ. ಕಾಗದ ಇಟ್ಟು ಚೌಕಟ್ಟಿಗೆ ಸಿಕ್ಕಿಸಿ, ಮಾಳಿಗೆಯ ಬಿಸಿಲಲ್ಲಿ ಹಿಡಿದು, ಇಳಿದು ಬಂದು ತೊಳೆದ. ಪ್ರಿಂಟಿನಲ್ಲಿ ಅವನ ಹೆಂಡತಿ ಸಾಕ್ಷಾತ್ ಎದುರಿಗೆ ಬಂದು ನಿಂತಿದ್ದಳು. ಅವನು ಅವಳನ್ನು ನೋಡಿದ್ದೇ ನೋಡಿದ್ದು, ಪಕ್ಕದಲ್ಲಿ ನಿಂತವನ ಕಡೆಗೆ ಅವನ ಕಣ್ಣು ಹೋಗಲೇ ಇಲ್ಲ.

ಒದ್ದೆ ಪ್ರಿಂಟನ್ನು ಎರಡು ಬೆರಳಲ್ಲಿ ಹಿಡಿದು, ಗಾಳಿಗೆ ಬೀಸುತ್ತ ಬೀದಿಯಲ್ಲಿ ಓಡಿ, ನಾಲ್ಕು ಮುಕ್ಕಾಲಿಗೆ ನರ್ಸಮ್ಮನ ಮುಂದೆ ಬಂದು ನಿಂತ. ಅಷ್ಟು ಹೊತ್ತಿಗೆ ಎರಡೂ ಸಂಸಾರಗಳು ರಾಜಿಯಾಗಿ ಮತ್ತೆ ಮೆಟ್ಟಿಲ ಮೇಲೆ ಜಾಗ ಹಿಡಿದಿದ್ದವು.

ನರ್ಸಮ್ಮ ಪ್ರಿಂಟನ್ನು ಹುಡುಗಿಯ ಮುಖದ ಪಕ್ಕ ಹಿಡಿದು, ಬೆರಳಿಟ್ಟು ಒಂದೊಂದೇ ನೋಡಿದಳು. ಮಚ್ಚೆ ಸರಿ. ಹುಬ್ಬು ಸರಿ. ಹಣೆ ಸರಿ. ಗಲ್ಲ ಸರಿ.

"ಇವಳೇ," ಎಂದಳು. "ತಪ್ಪು ತಿಳ್ಕೊಂಡಿದ್ದೆ, ಮನಸ್ಸಲ್ಲಿ ಇಟ್ಕೋಬೇಡ ಮಗಳೇ."

ಗುಮಾಸ್ತನ ಹೆಂಡತಿ ದಡದಡ ಇಳಿದು ಬಂದು ಹುಡುಗಿಯ ಕೈ ಹಿಡಿದು ಕಸೂತಿ ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಎಂದಳು ಹುಡುಗಿ. ಮೇಷ್ಟ್ರು ಟ್ರಂಕಿಗೆ ಕೈ ಹಾಕಿದರು. ಟಚಿಂಗಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಖದ ಬೆವರು ಒರೆಸಿಕೊಂಡು ಹೆಂಡತಿಯ ಹಿಂದೆ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.

"ನೀನೆಲ್ಲಿಗಪ್ಪ?" ಎಂದಳು ನರ್ಸಮ್ಮ.

ಅವಳು ಪ್ರಿಂಟನ್ನು ಇನ್ನೂ ಕೈಯಲ್ಲಿ ಹಿಡಿದಿದ್ದಳು. ಬೆಳಿಗ್ಗೆಯಿಂದ ಎಲ್ಲರೂ ಹೆಣ್ಣಿನ ಮುಖವನ್ನು ಸಾಲು ಸಾಲಾಗಿ ಓದಿದ್ದರು, ಗಂಡಿನ ಮುಖವನ್ನು ಯಾರೂ ನೋಡಿರಲಿಲ್ಲ. ಈಗ ಹೆಣ್ಣಿನ ಲೆಕ್ಕ ಮುಗಿದ ಮೇಲೆ ನರ್ಸಮ್ಮನ ಬೆರಳು ಪಕ್ಕಕ್ಕೆ ಸರಿದಿತ್ತು. ಅಲ್ಲಿ ಒಬ್ಬ ನಿಂತಿದ್ದ. ಹಣೆಯ ಮೇಲೆ ಅಲೆ ಅಲೆಯಾಗಿ ಇಳಿದ ದಟ್ಟ ಕೂದಲು. ತುದಿ ತಿರುವಿದ ಮೀಸೆ. ನರ್ಸಮ್ಮ ತಲೆ ಎತ್ತಿ ಎದುರಿಗಿದ್ದವನನ್ನು ನೋಡಿದಳು. ಅಂಗೈಯಗಲದ ಹಣೆ ನೆತ್ತಿಯವರೆಗೂ ಹೋಗಿ ಬೆವರಿನಲ್ಲಿ ಮಿರುಗುತ್ತಿತ್ತು. ಮೀಸೆಯ ಜಾಗದಲ್ಲಿ ನಾಲ್ಕು ಎಳೆ, ಅವೂ ಒಂದರ ಮೇಲೊಂದು ಮುನಿಸಿಕೊಂಡವು.

ಪೆನ್ಸಿಲಿನಿಂದ ಅಳಿಸಿದ್ದನ್ನು ಟರ್ಪೆಂಟೈನಿನಲ್ಲಿ ತೊಳೆದರೆ ಮರಳಿ ಬರುತ್ತದೆ. ಆದರೆ ಇಲ್ಲದ ಕೂದಲು ಬರಬೇಕಾದರೆ ಗಾಜಿನ ಮೇಲಿನ ಲೇಪವನ್ನೇ ಚಾಕುವಿನ ಮೊನೆಯಿಂದ ಹೆರೆಯಬೇಕು, ಹೆರೆದದ್ದು ಹೆರೆದದ್ದೇ. ಹೆಂಡತಿಯ ಮುಖದ ಮೇಲೆ ಕೈ ತಾನಾಗಿ ಓಡಿದ್ದು ನಿಜ. ತನ್ನ ತಲೆಯ ಮೇಲೆ ಮಾತ್ರ ಟಚಿಂಗಪ್ಪ ಬೇಕೆಂದೇ, ನಾಲಿಗೆ ಹೊರಚಾಚಿ, ಕಳೆದ ವಾರ ಒಂದು ಮಧ್ಯಾಹ್ನ ಪೂರ್ತಿ ಕೂತು ಒಂದೊಂದು ಎಳೆಯನ್ನೂ ಬೆಳೆಸಿದ್ದ.

"ಇದು ನಾನೇ ಅಮ್ಮಾ," ಎಂದ. ದನಿ ಅವನಿಗೇ ಕೇಳಲಿಲ್ಲ.

ಗುಮಾಸ್ತ ಪ್ರಿಂಟು ನೋಡಿ ಲೊಚಗುಟ್ಟಿದ. ಬೆಳಿಗ್ಗೆ ಫೋಟೋದ ಹೆಣ್ಣಿಗಾಗಿ ಮರುಗಿದ್ದ ಮನೆಯವರೆಲ್ಲ ಈಗ ಫೋಟೋದ ಗಂಡಿಗಾಗಿ ಮರುಗತೊಡಗಿದರು. ಅಷ್ಟು ಲಕ್ಷಣವಾದ ಮನುಷ್ಯ ಹೆಂಡತಿ ಯಾವ ಬಸ್ಸಿನಿಂದ ಇಳಿದಳೆಂದು ಎಲ್ಲಿ ಹುಡುಕುತ್ತಿದ್ದಾನೋ ಎಂದರು ಮೇಷ್ಟ್ರು. ತಾನು ಕೂದಲು ಬರೆದುಕೊಂಡೆ ಎಂದು ಟಚಿಂಗಪ್ಪ ಹೇಳುವಂತಿರಲಿಲ್ಲ. ನಾಲ್ಕು ಗಂಟೆಯ ಹಿಂದಷ್ಟೇ ಅಲ್ಲೇ ನಿಂತು, ಫೋಟೋದಲ್ಲಿ ಕೂದಲೆಳೆಯಷ್ಟೂ ಬದಲಾಗುವುದಿಲ್ಲ ಎಂದು ಕೈಮುಗಿದಿದ್ದ.

ನರ್ಸಮ್ಮ ಹುಡುಗಿಯ ಹೆಗಲ ಮೇಲೆ ಕೈಯಿಟ್ಟಳು. "ಹೆದರಬೇಡ ಮಗಳೇ, ನಾನಿದ್ದೀನಿ. ನಿಜ ಹೇಳು. ನಿನ್ನ ಗಂಡ ಯಾರು?"

ಹುಡುಗಿ ಪ್ರಿಂಟನ್ನು ಕೈಗೆ ತೆಗೆದುಕೊಂಡು ನೋಡಿದಳು. ತನ್ನ ಮಚ್ಚೆ ನೋಡಿದಳು, ಪಕ್ಕದವನ ಅಲೆಗೂದಲು ನೋಡಿದಳು. ಆಮೇಲೆ ಮೆಟ್ಟಿಲ ಕೆಳಗೆ ಒಂದು ಕಾಲು ಮೇಲಿಟ್ಟು ನಿಂತಿದ್ದವನನ್ನು ನೆತ್ತಿಯಿಂದ ಪಾದದವರೆಗೆ ನೋಡಿದಳು. ಅವನ ಕಣ್ಣು ಕೈಮುಗಿದು ಬೇಡುತ್ತಿತ್ತು. ಅವಳ ಗಲ್ಲದ ಗುಳಿ ಇನ್ನಷ್ಟು ಆಳವಾಯಿತು.

"ಫೋಟೋದಲ್ಲಿರೋರೇ ಅಮ್ಮಾ ನಮ್ಮೋರು," ಎಂದಳು. "ಇವರು ಸ್ಟುಡಿಯೋದವರು. ಪಾಪ, ಬೆಳಿಗ್ಗೆಯಿಂದ ನನಗೋಸ್ಕರ ಓಡಾಡಿದ್ದಾರೆ."

ಬೀಗದ ಕೈ ಅವಳ ಕೈಗೆ ಬಂತು. ಟ್ರಂಕು ಮೇಲೆ ಹೋಯಿತು, ಅವಳೂ ಹೋದಳು, ಹಿಂದೆಯೇ ಕಸೂತಿಯ ದಾರ ಹಿಡಿದು ಗುಮಾಸ್ತನ ಹೆಂಡತಿಯೂ ಹೋದಳು. ಹೊಸ ಪ್ರಿಂಟನ್ನು ನರ್ಸಮ್ಮ ಗೋಡೆಗೆ ಸಿಕ್ಕಿಸಿದಳು. ಟಚಿಂಗಪ್ಪ ಬೀದಿ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತ. ಮೇಲೆ ಕಿಟಕಿ ತೆಗೆದ ಸದ್ದು ಕೇಳಿತು. ಅದು ಯಾವ ಕಡೆಗಿದೆ ಎಂದು ಅವಳಿಗೆ ಈಗ ಗೊತ್ತಾಗಿರಬೇಕು. ಒಳ್ಳೇ ಕಿಟಕಿ, ಗಾಳಿ ಚೆನ್ನಾಗಿ ಬರುತ್ತದೆ ಎಂದು ಅವನಿಗೆ ಸಮಾಧಾನವೂ ಆಯಿತು. ತನ್ನ ತಲೆಯನ್ನು ಒಮ್ಮೆ ಸವರಿಕೊಂಡು, ಮಾಡಿದ್ದುಣ್ಣೋ ಮಹರಾಯ ಎಂದುಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಹೆಂಡತಿ ಬಿಸಿ ಅನ್ನದ ತಟ್ಟೆ ತಂದು ಅವನ ಮುಂದಿಟ್ಟು, ಒಂದು ಮೆಟ್ಟಿಲು ಮೇಲೆ ಕೂತಳು. ಒಳಗೆ ಕುರ್ಚಿಯಲ್ಲಿ ನರ್ಸಮ್ಮ ಕೆಮ್ಮಿದಳು, ತಾನು ನೋಡುತ್ತಿದ್ದೇನೆಂದು ತಿಳಿಸಲು.

"ಬೇಗ ಬೇಗ ಊಟ ಮಾಡಿ," ಎಂದಳು ಅವಳು, ನಗುವನ್ನು ಮಚ್ಚೆಯ ಹತ್ತಿರವೇ ತಡೆದು ನಿಲ್ಲಿಸಿಕೊಂಡು. "ನಮ್ಮ ಯಜಮಾನ್ರು ಬರೋ ಹೊತ್ತಾಯ್ತು."